'ರಿಮೈಂಡ್ ಮಿ ಲೇಟರ್' ಒತ್ತೋ ಮುಂಚೆ ಕೇಳಿ: ಕೋಡ್ ರೆಡ್ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



2001ನೇ ಇಸವಿ, ಜುಲೈ 19, ಗುರುವಾರ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಸುಮಾರು ಮೂರೂವರೆ. ಇಂಟರ್ನೆಟ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡಾಡೋಕೆ ಶುರು ಮಾಡ್ತು. ಮಾರನೇ ದಿನ ಬೆಳಗಿನ ಜಾವ ಐದೂವರೆ ಆಗೋ ಹೊತ್ತಿಗೆ, ಅಂದ್ರೆ ಬರೀ 14 ಗಂಟೆಯಲ್ಲಿ, ಅದು ಜಗತ್ತಿನಾದ್ಯಂತ 3,59,000ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಒಳಗೆ ಹೋಗಿ ಕೂತಿತ್ತು. ಅದರ ಓಟ ಜೋರಾಗಿದ್ದಾಗ ಒಂದೊಂದು ನಿಮಿಷಕ್ಕೆ 2,000ಕ್ಕೂ ಹೆಚ್ಚು ಹೊಸ ಕಂಪ್ಯೂಟರ್‌ಗಳು ಅದರ ಕೈಗೆ ಸಿಗ್ತಾ ಇದ್ದವು.

ಯಾರೂ ಯಾವ ಲಿಂಕೂ ಒತ್ತಿರಲಿಲ್ಲ. ಯಾರೂ ಓಟಿಪಿ ಹೇಳಿರಲಿಲ್ಲ. ಯಾರೂ ಗೊತ್ತಿಲ್ಲದ ಫೈಲ್ ಓಪನ್ ಮಾಡಿರಲಿಲ್ಲ. ಕಂಪ್ಯೂಟರ್ ಆನ್ ಇತ್ತು, ಇಂಟರ್ನೆಟ್‌ಗೆ ಕನೆಕ್ಟ್ ಆಗಿತ್ತು. ಅಷ್ಟೇ ಸಾಕಾಯ್ತು.

ಆದರೆ ನಾನು ಇವತ್ತು ಈ ಕಥೆ ಆರಿಸಿಕೊಂಡಿದ್ದು ಈ ದೊಡ್ಡ ನಂಬರ್‌ಗೋಸ್ಕರ ಅಲ್ಲ, ಇನ್ನೊಂದು ದಿನಾಂಕಕ್ಕೋಸ್ಕರ. ಜೂನ್ 18, 2001. ಈ ದಾಳಿಗೆ ದಾರಿ ಮಾಡಿಕೊಟ್ಟ ತೂತನ್ನ ಮುಚ್ಚೋ ಅಪ್‌ಡೇಟ್ ಬಿಡುಗಡೆ ಆಗಿದ್ದು ಅವತ್ತು. ದಾಳಿಗೆ 31 ದಿನ ಮುಂಚೆ. ಅದೂ ಪೂರ್ತಿ ಉಚಿತವಾಗಿ.

ಔಷಧಿ ಬಂದು ಒಂದು ತಿಂಗಳಾದ ಮೇಲೆ ಕಾಯಿಲೆ ಹಬ್ಬಿದ ಕಥೆ ಇದು. ಹಾಗಾದ್ರೆ ಆ ಔಷಧಿಯನ್ನ ಲಕ್ಷಾಂತರ ಜನ ಯಾಕೆ ತಗೊಳ್ಳಲಿಲ್ಲ? ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆ ಮೇಲೆ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿಕಾಂ. ಕೋಡ್ ಬರೆಯೋದು ನನ್ನ ಕೆಲಸ ಅಲ್ಲ. ಆದರೆ ಈ ಕಥೆ ಒಳಗೆ ಹೋದಷ್ಟೂ ನನಗೆ ಕಾಣಿಸಿದ್ದು ಲೆಕ್ಕದ ಪುಸ್ತಕ. ಮೊದಲು ಒಂದು ಅಳತೆಯಲ್ಲಿ ಆದ ತಪ್ಪು. ಆಮೇಲೆ ಖರ್ಚು ಯಾರ ತಲೆ ಮೇಲೆ ಬಿತ್ತು ಅನ್ನೋ ವಿಚಾರ.

ಗೋಡೌನು ಮತ್ತು ಕಾವಲುಗಾರ

ಮೊದಲು ವೆಬ್ ಸರ್ವರ್ ಅಂದ್ರೇನು ಅಂತ ಎರಡು ಮಾತು. ನೀವು ಫೋನಲ್ಲಿ ಯಾವುದೋ ವೆಬ್‌ಸೈಟ್ ತೆರೀತೀರಿ. ಆ ಪುಟ ಎಲ್ಲೋ ದೂರದಲ್ಲಿರೋ ಒಂದು ಕಂಪ್ಯೂಟರ್‌ನಲ್ಲಿ ಇರುತ್ತೆ. "ಈ ಪುಟ ಕೊಡಪ್ಪಾ" ಅಂತ ನಿಮ್ಮ ಫೋನ್ ಕೇಳುತ್ತೆ. ಕೇಳಿದವರಿಗೆ ಎತ್ತಿಕೊಡೋ ಕೆಲಸ ಮಾಡೋ ಸಾಫ್ಟ್‌ವೇರ್‌ಗೆ ವೆಬ್ ಸರ್ವರ್ ಅಂತಾರೆ. ಅದರ ಕೆಲಸವೇ ಗುರುತು ಪರಿಚಯ ಇಲ್ಲದವರ ಮಾತು ಕೇಳಿಸಿಕೊಳ್ಳೋದು. ಅಂಗಡಿ ಬಾಗಿಲು ಹಾಕಿಕೊಂಡು ವ್ಯಾಪಾರ ಮಾಡೋಕೆ ಆಗಲ್ಲ, ಅಲ್ವಾ? ಹಾಗೆ.

2001ರಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಹೆಸರು ಐಐಎಸ್. ಅದರ ಜೊತೆಗೆ ಒಂದು ಹುಡುಕಾಟದ ಸೌಲಭ್ಯ ಬರ್ತಿತ್ತು, ಇಂಡೆಕ್ಸಿಂಗ್ ಸರ್ವಿಸ್ ಅಂತ. ಸೈಟ್ ಒಳಗಿನ ಫೈಲ್‌ಗಳಲ್ಲಿ ಏನಾದ್ರೂ ಹುಡುಕಬೇಕು ಅಂದ್ರೆ ಅದು ಸಹಾಯಕ್ಕೆ ಬರೋದು. ತೂತು ಇದ್ದದ್ದು ಈ ಹುಡುಕಾಟದ ಭಾಗದಲ್ಲಿ.

ಈ ತರದ ತೂತಿಗೆ ಬಫರ್ ಓವರ್‌ಫ್ಲೋ ಅಂತ ಹೆಸರು. ಕೇಳೋಕೆ ಭಯ ಆಗುತ್ತೆ, ಆದರೆ ವಿಷಯ ಸರಳ. ಬಫರ್ ಅಂದ್ರೆ ಹೊರಗಿಂದ ಬಂದ ಮಾತನ್ನ ಸ್ವಲ್ಪ ಹೊತ್ತು ಇಟ್ಟುಕೊಳ್ಳೋಕೆ ಪ್ರೋಗ್ರಾಂ ಮೆಮೊರಿಯಲ್ಲಿ ಮಾಡಿಟ್ಟುಕೊಂಡ ಜಾಗ. ಅದಕ್ಕೊಂದು ಅಳತೆ ಇರುತ್ತೆ. ಅಳತೆಗಿಂತ ಜಾಸ್ತಿ ಮಾಲು ಬಂದ್ರೆ? ಬಾಗಿಲಲ್ಲೇ ತಡೀಬೇಕು. ತಡೀದೇ ಹೋದ್ರೆ ಮಾಲು ಪಕ್ಕದ ಜಾಗಕ್ಕೆ ಚೆಲ್ಲುತ್ತೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿವರ ಒಂದಿದೆ. "ಪ್ರೋಗ್ರಾಂ ಬರೆದವರು ಚೆಕ್ ಮಾಡೋದು ಮರೆತಿದ್ರು" ಅಂತ ನಾವೆಲ್ಲ ಅಂದುಕೊಳ್ತೀವಿ. ಹಾಗಲ್ಲ. ಚೆಕ್ ಇತ್ತು! ಮೈಕ್ರೋಸಾಫ್ಟ್‌ನಲ್ಲೇ ಸೆಕ್ಯುರಿಟಿ ಕೆಲಸ ಮಾಡ್ತಿದ್ದ ಮೈಕೆಲ್ ಹೊವಾರ್ಡ್ ಆಮೇಲೆ ಆ ಕೋಡ್‌ನ ಸಾಲುಗಳನ್ನೇ ತೋರಿಸಿ ವಿವರಿಸಿದ್ದಾರೆ. ಜಾಗ ಮಾಡಿದ್ದು 200 ಅಕ್ಷರಕ್ಕೆ. ಚೆಕ್ ಮಾಡಿದ್ದು 400ಕ್ಕೆ.

ಇದು ಹೇಗಾಯ್ತು ಅಂತ ನೋಡಿ. ಹಳೇ ಕಾಲದಲ್ಲಿ ಕಂಪ್ಯೂಟರ್‌ಗೆ ಒಂದು ಇಂಗ್ಲಿಷ್ ಅಕ್ಷರ ಅಂದ್ರೆ ಒಂದು ಬೈಟ್. ಆದರೆ ಜಗತ್ತಲ್ಲಿ ಇಂಗ್ಲಿಷ್ ಒಂದೇ ಇಲ್ಲ. ಕನ್ನಡ ಇದೆ, ತಮಿಳಿದೆ, ಚೀನೀ ಇದೆ. ಎಲ್ಲ ಲಿಪಿಗೂ ಜಾಗ ಬೇಕು ಅಂತ ಬಂದಿದ್ದು ಯೂನಿಕೋಡ್. ವಿಂಡೋಸ್ ಬಳಸೋ ಯೂನಿಕೋಡ್ ರೀತಿಯಲ್ಲಿ ನಮ್ಮ 'ಅ' ಅನ್ನೋ ಅಕ್ಷರಕ್ಕೆ ಎರಡು ಬೈಟ್ ಬೇಕು. ನಿಮಗೆ ಇದರ ಅನುಭವ ಆಗಿರುತ್ತೆ. ಇಂಗ್ಲಿಷಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸುತ್ತೆ, ಕನ್ನಡದಲ್ಲಿ ಟೈಪ್ ಮಾಡೋಕೆ ಶುರು ಮಾಡಿದ ತಕ್ಷಣ ಅದು 70ಕ್ಕೆ ಇಳಿಯುತ್ತೆ. ಡಬ್ಬ ಅದೇ, ಅಕ್ಷರ ದಪ್ಪ.

ಆ ಸಾಲಲ್ಲಿ ಆಗಿದ್ದೂ ಇದೇ. 200 ಅಕ್ಷರ, ಒಂದೊಂದಕ್ಕೆ ಎರಡು ಬೈಟ್, ಒಟ್ಟು 400 ಬೈಟ್. ಚೆಕ್ ಮಾಡೋ ಸಾಲು ಜಾಗದ ಅಳತೆ ಕೇಳ್ತು. ಉತ್ತರ ಬೈಟ್ ಲೆಕ್ಕದಲ್ಲಿ ಬಂತು, 400 ಅಂತ. ಆದರೆ ಬಾಗಿಲಲ್ಲಿ ನಿಂತು ಎಣಿಸ್ತಾ ಇದ್ದದ್ದು ಬೈಟ್‌ಗಳನ್ನಲ್ಲ, ಅಕ್ಷರಗಳನ್ನ.

ಒಂದು ಗೋಡೌನ್ ಅಂದುಕೊಳ್ಳಿ. ಸಣ್ಣ ಚೀಲ ಆದ್ರೆ 400 ಹಿಡಿಸುತ್ತೆ, ದೊಡ್ಡ ಮೂಟೆ ಆದ್ರೆ 200. ಬೋರ್ಡ್ ಮೇಲೆ ಬರೀ '400' ಅಂತ ಬರೆದಿದೆ. ಲಾರಿಯಲ್ಲಿ ಬರ್ತಿರೋದು ದೊಡ್ಡ ಮೂಟೆ. ಕಾವಲುಗಾರ ಪ್ರಾಮಾಣಿಕ, ಒಂದೊಂದಾಗಿ ಎಣಿಸ್ತಾನೆ. 201 ಬಂತು, ಬೋರ್ಡ್ ನೋಡಿದ, 400ರ ಒಳಗಿದೆ, ಬಿಟ್ಟ. 210, ಬಿಟ್ಟ. 220, ಬಿಟ್ಟ. ಅಷ್ಟರಲ್ಲಿ ಮೂಟೆಗಳು ಪಕ್ಕದ ಆಫೀಸ್ ರೂಮಿಗೆ ಉರುಳಿವೆ.

ಪಕ್ಕದ ರೂಮಲ್ಲಿ ಏನಿತ್ತು ಅನ್ನೋದೇ ಮುಖ್ಯ. ಕಂಪ್ಯೂಟರ್ ಮೆಮೊರಿಯಲ್ಲಿ ಆ ಪಕ್ಕದ ಜಾಗದಲ್ಲಿ "ಈ ಕೆಲಸ ಮುಗಿದ ಮೇಲೆ ಮುಂದೆ ಎಲ್ಲಿಗೆ ಹೋಗಬೇಕು" ಅನ್ನೋ ತರದ ವಿಳಾಸಗಳಿರುತ್ತವೆ. ಮ್ಯಾನೇಜರ್ ಟೇಬಲ್ ಮೇಲೆ "ಮುಂದಿನ ಕೆಲಸ ಇದು" ಅಂತ ಬರೆದಿಟ್ಟ ಚೀಟಿ ಇದ್ದ ಹಾಗೆ. ಉರುಳಿ ಬಂದ ಮೂಟೆ ಆ ಚೀಟಿಯನ್ನ ಮುಚ್ಚಿ, ಅದರ ಜಾಗದಲ್ಲಿ ಇನ್ನೊಂದು ಚೀಟಿ ಇಟ್ಟುಬಿಟ್ರೆ? ಸರ್ವರ್ ಏನೂ ಅನುಮಾನ ಪಡದೆ ಆ ಹೊಸ ಚೀಟಿಯಲ್ಲಿ ಬರೆದ ಕೆಲಸ ಮಾಡುತ್ತೆ. ಈ ಕೇಸಲ್ಲಿ ಆ ಚೀಟಿಗೆ ಸಿಕ್ಕಿದ್ದು ಇಡೀ ಕಂಪ್ಯೂಟರ್‌ನ ಯಜಮಾನನ ಅಧಿಕಾರ.

ಇನ್ನೂ ಒಂದು ವಿಷಯ. ಈ ಎಡವಟ್ಟು ಆಗ್ತಿದ್ದದ್ದು ಹುಡುಕಾಟ ಶುರುವಾಗೋ ಮುಂಚೆನೇ, ಕೇಳಿದ್ದನ್ನ ಓದಿಕೊಳ್ಳೋ ಹಂತದಲ್ಲೇ. ಹಾಗಾಗಿ ಆ ಇಂಡೆಕ್ಸಿಂಗ್ ಸರ್ವಿಸನ್ನ ನೀವು ಆಫ್ ಮಾಡಿ ಇಟ್ಟಿದ್ರೂ ತೂತು ತೆರೆದೇ ಇರ್ತಿತ್ತು. ಬಳಸದೇ ಇರೋ ಹಿತ್ತಲ ಬಾಗಿಲು, ಆದರೆ ಚಿಲಕ ಹಾಕಿಲ್ಲ.

ಮೊದಲ ಹುಳ, ಎರಡನೇ ಹುಳ

ಇದನ್ನ ಕಂಡುಹಿಡಿದಿದ್ದು ಅಮೆರಿಕದ ಈಐ ಡಿಜಿಟಲ್ ಸೆಕ್ಯುರಿಟಿ ಅನ್ನೋ ಕಂಪನಿ. ಅವರು ಮೈಕ್ರೋಸಾಫ್ಟ್‌ಗೆ ತಿಳಿಸಿದ್ರು. ಮೈಕ್ರೋಸಾಫ್ಟ್ ಜೂನ್ 18ಕ್ಕೆ ಪ್ಯಾಚ್ ಬಿಟ್ಟಿತು. ಬುಲೆಟಿನ್ ಸಂಖ್ಯೆ ಎಂಎಸ್01-033. ಈ ನಂಬರ್ ನೆನಪಿಟ್ಟುಕೊಳ್ಳಿ, ಆಮೇಲೆ ಬರ್ತೀನಿ.

ಜುಲೈ 13, ಶುಕ್ರವಾರದ ಹೊತ್ತಿಗೆ ಒಂದು ವರ್ಮ್ ಕಾಣಿಸಿಕೊಂಡಿತ್ತು. ವರ್ಮ್ ಅಂದ್ರೆ ಹುಳ. ಯಾರ ಸಹಾಯವೂ ಇಲ್ಲದೆ ತಾನೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹರಡೋ ಪ್ರೋಗ್ರಾಂ. ಈಐ ಕಂಪನಿಯವರು ರಾತ್ರಿ ಕೂತು ಅದನ್ನ ಬಿಡಿಸಿ ನೋಡ್ತಾ ಕುಡೀತಿದ್ದದ್ದು ಮೌಂಟನ್ ಡ್ಯೂ ಕೋಡ್ ರೆಡ್ ಅನ್ನೋ ಕೂಲ್ ಡ್ರಿಂಕ್. ಹುಳಕ್ಕೂ ಅದೇ ಹೆಸರು ಬಂತು.

ಅದು ಮಾಡ್ತಿದ್ದದ್ದು ಇಷ್ಟು. ಸರ್ವರ್‌ಗೆ ಒಂದು ಕೋರಿಕೆ ಕಳಿಸೋದು. ಕೋರಿಕೆಯಲ್ಲಿ 'ಎನ್' ಅನ್ನೋ ಇಂಗ್ಲಿಷ್ ಅಕ್ಷರ ಸಾಲಾಗಿ ಇನ್ನೂರಕ್ಕೂ ಹೆಚ್ಚು ಸಲ. ಅದೇ ಮೂಟೆಗಳು. ಅದರ ಬಾಲದಲ್ಲಿ ಹೊಸ ಚೀಟಿ. ಒಳಗೆ ಹೋದ ಮೇಲೆ ಅದೇ ಕಂಪ್ಯೂಟರ್‌ನಿಂದ ಬೇರೆ ವಿಳಾಸಗಳಿಗೆ ಅದೇ ಕೋರಿಕೆ. ಕೆಲವು ಇಂಗ್ಲಿಷ್ ಸರ್ವರ್‌ಗಳಲ್ಲಿ ವೆಬ್ ಪುಟದ ಜಾಗದಲ್ಲಿ 'ಹ್ಯಾಕ್ಡ್ ಬೈ ಚೈನೀಸ್' ಅಂತ ತೋರಿಸ್ತಿತ್ತು. ಆ ಸಾಲು ನೋಡಿಕೊಂಡು ಬರೆದವರು ಯಾರು ಅಂತ ತೀರ್ಮಾನ ಮಾಡೋಕೆ ಆಗಲ್ಲ. ಗೋಡೆ ಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು.

ಮೊದಲ ಹುಳ ಅಷ್ಟೇನೂ ಹಬ್ಬಲಿಲ್ಲ. ಯಾಕಂದ್ರೆ ಅದನ್ನ ಬರೆದವರೂ ಒಂದು ಎಡವಟ್ಟು ಮಾಡಿದ್ರು. ಮುಂದೆ ಯಾವ ವಿಳಾಸಕ್ಕೆ ಹೋಗಬೇಕು ಅನ್ನೋ ಪಟ್ಟಿ ಎಲ್ಲ ಪ್ರತಿಗಳಲ್ಲೂ ಒಂದೇ ಆಗಿತ್ತು. ಮದುವೆ ಪತ್ರಿಕೆ ಹಂಚೋಕೆ ಹೊರಟ ಹತ್ತು ಜನಕ್ಕೂ ಒಂದೇ ಪಟ್ಟಿ ಕೊಟ್ಟು, ಎಲ್ಲರೂ ಮೊದಲನೇ ಮನೆಯಿಂದಲೇ ಶುರು ಮಾಡಿದ ಹಾಗೆ. ಕೊಟ್ಟ ಮನೆಗೇ ಮತ್ತೆ ಮತ್ತೆ ಕೊಟ್ಕೊಂಡು ಬರ್ತಿದ್ರು.

ಜುಲೈ 19ಕ್ಕೆ ಬಂದ ಎರಡನೇ ರೂಪದಲ್ಲಿ ಈ ತಪ್ಪನ್ನ ಸರಿ ಮಾಡಿದ್ರು. ಒಂದೊಂದು ಪ್ರತಿಗೂ ಬೇರೆ ಬೇರೆ ಪಟ್ಟಿ. ಉಳಿದಿದ್ದೆಲ್ಲ ಹೆಚ್ಚುಕಡಿಮೆ ಅದೇ. ಆ ಒಂದು ಬದಲಾವಣೆಯಿಂದ 14 ಗಂಟೆಯಲ್ಲಿ 3,59,000.

ಈ ಲೆಕ್ಕ ಹೇಗೆ ಸಿಕ್ತು ಗೊತ್ತಾ? ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಕೈಡಾ ಅನ್ನೋ ಇಂಟರ್ನೆಟ್ ಸಂಶೋಧನಾ ಸಂಸ್ಥೆ ಇದೆ. ಅವರ ಹತ್ರ ಇಂಟರ್ನೆಟ್ ವಿಳಾಸಗಳ ಒಂದು ದೊಡ್ಡ ಖಾಲಿ ಬಡಾವಣೆನೇ ಇತ್ತು. ಅಲ್ಲಿ ಯಾರೂ ವಾಸ ಇಲ್ಲ. ಯಾರೂ ವಾಸ ಇಲ್ಲದ ಮನೆ ಬಾಗಿಲನ್ನ ಯಾರಾದ್ರೂ ಬಡಿದ್ರೆ, ಅವನು ಊರೆಲ್ಲ ಬಾಗಿಲು ಬಡೀತಾ ಬಂದವನೇ ಇರಬೇಕು. ಹಾಗೆ ಬಡಿದವರನ್ನ ಎಣಿಸಿದ್ರು. ಅಮೆರಿಕ ಶೇ 43, ಕೊರಿಯಾ ಶೇ 11, ಚೀನಾ ಶೇ 5.

ಅವರ ಅಧ್ಯಯನದಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು. ಸೋಂಕು ತಗುಲಿದ ಕಂಪ್ಯೂಟರ್‌ಗಳ ಸಂಖ್ಯೆ ಹಗಲು ಏರ್ತಿತ್ತು, ರಾತ್ರಿ ಇಳೀತಿತ್ತು. ಅಂದ್ರೆ ಬೆಳಿಗ್ಗೆ ಆನ್ ಮಾಡಿ ಸಂಜೆ ಆಫ್ ಮಾಡೋ ಕಂಪ್ಯೂಟರ್‌ಗಳು. ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳನ್ನ ಹಾಗೆ ಆಫ್ ಮಾಡಲ್ಲ. ಇವು ಮನೆಗಳ, ಸಣ್ಣ ಆಫೀಸುಗಳ ಮೆಷಿನ್‌ಗಳು.

ಹುಳಕ್ಕೆ ಒಂದು ಕ್ಯಾಲೆಂಡರ್ ಇತ್ತು. ತಿಂಗಳ 1ರಿಂದ 19ರವರೆಗೆ ಹರಡೋದು. 20ರಿಂದ 27ರವರೆಗೆ ಎಲ್ಲರೂ ಸೇರಿ ಅಮೆರಿಕದ ಶ್ವೇತಭವನದ ವೆಬ್‌ಸೈಟ್ ಮೇಲೆ ಮುಗಿಬೀಳೋದು. ಆಮೇಲೆ ನಿದ್ದೆ. ಶ್ವೇತಭವನ ಹೇಗೆ ಪಾರಾಯ್ತು? ಹುಳದ ಒಳಗೆ ಸೈಟ್‌ನ ಹೆಸರು ಇರಲಿಲ್ಲ, ಅಂಕಿಗಳ ವಿಳಾಸ ಮಾತ್ರ ಇತ್ತು. ಅವರು ಸೈಟನ್ನ ಬೇರೆ ಅಂಕಿ ವಿಳಾಸಕ್ಕೆ ಸಾಗಿಸಿಬಿಟ್ರು. ಲಕ್ಷಗಟ್ಟಲೆ ಕಂಪ್ಯೂಟರ್‌ಗಳು ಖಾಲಿ ಮನೆ ಮುಂದೆ ಬಂದು ನಿಂತವು.

ಆದರೆ ಆಗಸ್ಟ್ 1ಕ್ಕೆ ಕ್ಯಾಲೆಂಡರ್ ಮತ್ತೆ ಮೊದಲಿಂದ ಶುರುವಾಗುತ್ತಲ್ಲ? ಅದಕ್ಕೆ ಜುಲೈ 30ರಂದು ವಾಷಿಂಗ್ಟನ್‌ನಲ್ಲಿ ಸರ್ಕಾರಿ ಅಧಿಕಾರಿಗಳು, ಮೈಕ್ರೋಸಾಫ್ಟ್‌ನವರು ಒಟ್ಟಿಗೆ ಪತ್ರಿಕಾಗೋಷ್ಠಿ ಕರೆದು, ದಯವಿಟ್ಟು ಪ್ಯಾಚ್ ಹಾಕಿಕೊಳ್ಳಿ ಅಂತ ಜನರನ್ನ ಕೇಳಿಕೊಂಡ್ರು. ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ಗೋಸ್ಕರ ಸರ್ಕಾರವೇ ಟಿವಿ ಮುಂದೆ ಬಂದು ನಿಲ್ಲೋ ಪರಿಸ್ಥಿತಿ. ಅಷ್ಟೆಲ್ಲ ಆದ ಮೇಲೂ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನದೇ ಹಾಟ್‌ಮೇಲ್‌ನ ಕೆಲವು ಸರ್ವರ್‌ಗಳಿಗೆ ಸೋಂಕು ತಗುಲಿತು. ಪ್ಯಾಚ್ ಮಾಡಿದ ಕಂಪನಿಯ ಮನೆಯಲ್ಲೇ ಪ್ಯಾಚ್ ಹಾಕದ ಮೆಷಿನ್ ಇದ್ದವು.

ಯಾಕೆ ಹಾಕಿಕೊಳ್ಳಲಿಲ್ಲ?

ಈಗ ಅಸಲಿ ಪ್ರಶ್ನೆಗೆ ಬರೋಣ. "ಜನ ಸೋಮಾರಿಗಳು" ಅಂತ ಹೇಳಿ ಮುಗಿಸಬಹುದು. ಆದರೆ ನನಗೆ ಅದು ಪೂರ್ತಿ ಉತ್ತರ ಅನ್ಸಲ್ಲ. ನಾಲ್ಕು ಕಾರಣ ಹೇಳ್ತೀನಿ.

ಒಂದು, ತುಂಬಾ ಜನಕ್ಕೆ ತಮ್ಮ ಕಂಪ್ಯೂಟರ್‌ನಲ್ಲಿ ವೆಬ್ ಸರ್ವರ್ ಓಡ್ತಾ ಇದೆ ಅಂತಲೇ ಗೊತ್ತಿರಲಿಲ್ಲ. ವಿಂಡೋಸ್ 2000 ಸರ್ವರ್ ಹಾಕಿದ್ರೆ ಐಐಎಸ್ ತಾನಾಗೇ ಜೊತೆಗೆ ಬರ್ತಿತ್ತು. ಫೈಲ್ ಇಡೋಕೆ ಅಂತ ಆಫೀಸಲ್ಲಿ ಒಂದು ಮೆಷಿನ್ ಹಾಕಿಸಿದ್ರೆ ಅದೂ ವೆಬ್ ಸರ್ವರ್ ಆಗಿ ಕೂತಿರ್ತಿತ್ತು. ತನ್ನ ಮನೆಗೆ ಹಿತ್ತಲ ಬಾಗಿಲಿದೆ ಅಂತ ಗೊತ್ತಿಲ್ಲದವನಿಗೆ "ಹಿತ್ತಲ ಬಾಗಿಲಿಗೆ ಬೀಗ ಹಾಕಿ" ಅಂತ ನೋಟಿಸ್ ಕಳಿಸಿ ಏನು ಪ್ರಯೋಜನ?

ಎರಡು, ನೋಟಿಸ್‌ಗಳ ರಾಶಿ. ಆ ಬುಲೆಟಿನ್ ನಂಬರ್ ನೆನಪಿದೆಯಾ? ಎಂಎಸ್01-033. 01 ಅಂದ್ರೆ 2001. 033 ಅಂದ್ರೆ ಆ ವರ್ಷದ 33ನೇ ಬುಲೆಟಿನ್. ಜೂನ್ 18ಕ್ಕೆ 24 ವಾರ ಆಗಿತ್ತು ಅಷ್ಟೇ. ವಾರಕ್ಕೆ ಒಂದಕ್ಕಿಂತ ಜಾಸ್ತಿ. ಯಾವ ದಿನ ಬರುತ್ತೆ ಅನ್ನೋ ನಿಯಮ ಇಲ್ಲ. ಸಣ್ಣ ಆಫೀಸಲ್ಲಿ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲ ನೋಡಿಕೊಳ್ಳೋ ಒಬ್ಬನೇ ಒಬ್ಬ ಮನುಷ್ಯ ಇದರಲ್ಲಿ ಯಾವುದು ಇವತ್ತೇ ಮಾಡಬೇಕಾದ್ದು, ಯಾವುದು ನಾಳೆಗೆ ಆಗುತ್ತೆ ಅಂತ ಹೇಗೆ ಹೇಳಬೇಕು?

ಮೂರು, ಭಯ. ಓಡ್ತಿರೋ ಸಿಸ್ಟಮ್ ಮುಟ್ಟೋಕೆ ಯಾರಿಗೂ ಇಷ್ಟ ಇಲ್ಲ. ಅಪ್‌ಡೇಟ್ ಹಾಕಿ ಬಿಲ್ಲಿಂಗ್ ಸಾಫ್ಟ್‌ವೇರ್ ನಿಂತು ಹೋದ್ರೆ ಬೈಸಿಕೊಳ್ಳೋದು ಹಾಕಿದವನು. ಹಾಕದೇ ಇದ್ದು ಏನೂ ಆಗದೇ ಹೋದ್ರೆ ಯಾರೂ ಕೇಳಲ್ಲ. ಈ ಪರಿಸ್ಥಿತಿಯಲ್ಲಿ ನೀವಾದ್ರೂ ಏನು ಮಾಡ್ತೀರಿ?

ನಾಲ್ಕನೆಯದು ನನ್ನ ಸಬ್ಜೆಕ್ಟು. ಅರ್ಥಶಾಸ್ತ್ರದಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಒಂದು ಪಾಠ ಬರುತ್ತೆ. ನಾನು ಮಾಡಿದ ಕೆಲಸದ ಖರ್ಚು ನನ್ನ ಜೇಬಿಂದ ಹೋಗದೆ ಬೇರೆಯವರ ಜೇಬಿಂದ ಹೋಗೋದು. ಫ್ಯಾಕ್ಟರಿಯವನು ಹೊಳೆಗೆ ಕೊಳಕು ನೀರು ಬಿಡ್ತಾನೆ, ಕೆಳಗಿನ ಊರಿನವರು ಆಸ್ಪತ್ರೆ ಬಿಲ್ ಕಟ್ತಾರೆ. ಕೋಡ್ ರೆಡ್‌ನಲ್ಲಿ ಆಗಿದ್ದೂ ಹಾಗೇ. ಸೋಂಕು ತಗುಲಿದ ಎಷ್ಟೋ ಕಂಪ್ಯೂಟರ್‌ಗಳ ಮಾಲೀಕರಿಗೆ ಏನೂ ಗೊತ್ತಾಗಲಿಲ್ಲ. ಸ್ವಲ್ಪ ನಿಧಾನ ಆಯ್ತು ಅಷ್ಟೇ. ಅವರ ಮೆಷಿನ್ ಮಾತ್ರ ಲೋಕದ ಬಾಗಿಲುಗಳನ್ನೆಲ್ಲ ಬಡೀತಾ ಇತ್ತು. ಸಿಸ್ಕೋ ಕಂಪನಿಯ ಒಂದು ಬಗೆಯ ಡಿಎಸ್‌ಎಲ್ ರೂಟರ್‌ಗಳು ಈ ಹುಳದ ಕೋರಿಕೆ ಬಂದಾಗ ಕೆಲಸ ನಿಲ್ಲಿಸಿಬಿಡ್ತಿದ್ದವು. ಆ ರೂಟರ್ ಇಟ್ಟುಕೊಂಡವರಿಗೂ ಐಐಎಸ್‌ಗೂ ಸಂಬಂಧವೇ ಇಲ್ಲ. ಮುಂದೂಡಿದವನು ಒಬ್ಬ, ದಂಡ ಕಟ್ಟಿದವನು ಇನ್ನೊಬ್ಬ.

ಇನ್ನೊಂದು ತಮಾಷೆ. ಈ ಹುಳ ಹಾರ್ಡ್‌ಡಿಸ್ಕ್‌ನಲ್ಲಿ ಕೂರ್ತಿರಲಿಲ್ಲ, ಬರೀ ಮೆಮೊರಿಯಲ್ಲಿ ಇರ್ತಿತ್ತು. ಆಫ್ ಮಾಡಿ ಆನ್ ಮಾಡಿದ್ರೆ ಹುಳ ಮಾಯ. "ಸರಿಯಾಯ್ತು ಬಿಡು" ಅಂತ ಸಮಾಧಾನ. ಆದರೆ ಪ್ಯಾಚ್ ಹಾಕಿಲ್ಲ ಅಂದ್ರೆ ತೂತು ಅಲ್ಲೇ ಇದೆ, ಮತ್ತೆ ಯಾವಾಗ ಬೇಕಾದ್ರೂ ಒಳಗೆ.

ಆಗಸ್ಟ್ 4ರ ಹೊತ್ತಿಗೆ ಇನ್ನೊಂದು ಬಂತು, ಕೋಡ್ ರೆಡ್ 2 ಅಂತ. ಅದೇ ತೂತು, ಆದರೆ ಹುಳ ಬೇರೆ. 'ಎನ್' ಜಾಗದಲ್ಲಿ 'ಎಕ್ಸ್'. ಇದು ಒಳಗೆ ಹೋಗಿ ಒಂದು ಕಳ್ಳ ಬಾಗಿಲು ಮಾಡಿಟ್ಟು ಬರ್ತಿತ್ತು. ಆಮೇಲೆ ಯಾರು ಬೇಕಾದ್ರೂ ಬಂದು ಆ ಕಂಪ್ಯೂಟರ್ ನಡೆಸಬಹುದು. ಇದಾದ ಮೇಲೆ ಪ್ಯಾಚ್ ಹಾಕಿದ್ರೂ ಆ ಕಳ್ಳ ಬಾಗಿಲು ಮುಚ್ಚೋದಿಲ್ಲ. ಜೂನ್‌ನಲ್ಲಿ ಕೆಲವೇ ನಿಮಿಷದ ಕೆಲಸ ಆಗಿದ್ದದ್ದು, ಆಗಸ್ಟ್‌ನಲ್ಲಿ ಇಡೀ ಮೆಷಿನ್ ಒರೆಸಿ ಹೊಸದಾಗಿ ಶುರು ಮಾಡೋ ಕೆಲಸ ಆಯ್ತು.

ಪ್ಯಾಚ್ ಬಂದ ದಿನ ಅಪಾಯ ಜಾಸ್ತಿ

ಇಲ್ಲೊಂದು ವಿಷಯ ಸ್ವಲ್ಪ ಗಮನ ಇಟ್ಟು ಕೇಳಿ. ಅಪ್‌ಡೇಟ್ ಬಂದಿದೆ ಅಂದ್ರೆ ನಾವೆಲ್ಲ "ಸದ್ಯ, ಸಮಸ್ಯೆ ಬಗೆಹರೀತು" ಅಂದುಕೊಳ್ತೀವಿ. ಹಾಕಿಕೊಂಡವರಿಗೆ ಬಗೆಹರೀತು, ನಿಜ. ಹಾಕದೇ ಇರೋರಿಗೆ ಅವತ್ತಿಂದ ಅಪಾಯ ಜಾಸ್ತಿ ಆಗುತ್ತೆ.

ಯಾಕಂದ್ರೆ ಅಲ್ಲೀವರೆಗೆ ಆ ತೂತು ಎಲ್ಲಿದೆ ಅಂತ ಗೊತ್ತಿದ್ದವರು ಕೆಲವೇ ಜನ. ಪ್ಯಾಚ್ ಬಂದ ಮೇಲೆ ಯಾರು ಬೇಕಾದ್ರೂ ಹಳೇ ಫೈಲ್, ಹೊಸ ಫೈಲ್ ಪಕ್ಕಪಕ್ಕ ಇಟ್ಟು ನೋಡಬಹುದು. ಎಲ್ಲಿ ತೇಪೆ ಹಾಕಿದ್ದಾರೆ ಅಂತ ಕಂಡ್ರೆ ಎಲ್ಲಿ ಹರಿದಿತ್ತು ಅಂತ ತಿಳಿಯುತ್ತೆ. ಹಾಗಾಗಿ ಅದೊಂದು ಓಟದ ಪಂದ್ಯ. ಒಂದು ಕಡೆ ದಾಳಿ ಮಾಡೋರು, ಇನ್ನೊಂದು ಕಡೆ "ಆಮೇಲೆ ಮಾಡ್ತೀನಿ" ಅನ್ನೋ ನಾವು. ಕೋಡ್ ರೆಡ್‌ನಲ್ಲಿ ದಾಳಿ ಮಾಡೋರು ಮೊದಲ ಹುಳ ಬಿಡೋಕೆ ತಗೊಂಡಿದ್ದು 25 ದಿನ.

ಆಮೇಲೆ ಏನು ಬದಲಾಯ್ತು?

ತಪ್ಪನ್ನೆಲ್ಲ ಬಳಸೋರ ಮೇಲೆ ಹಾಕಿ ಸುಮ್ಮನಾಗಿದ್ರೆ ಏನೂ ಬದಲಾಗ್ತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಮ್ಡಾ ಅನ್ನೋ ಇನ್ನೊಂದು ಹುಳ ಬಂತು. 2002ರ ಜನವರಿ 15ರಂದು ಬಿಲ್ ಗೇಟ್ಸ್ ಕಂಪನಿಯ ಎಲ್ಲರಿಗೂ ಒಂದು ಮೆಮೊ ಕಳಿಸಿದ್ರು. ಹೊಸ ಫೀಚರ್ ಸೇರಿಸೋದಾ, ಸೆಕ್ಯುರಿಟಿ ತೊಂದರೆ ಸರಿ ಮಾಡೋದಾ ಅಂತ ಬಂದಾಗ ಸೆಕ್ಯುರಿಟಿ ಆರಿಸಿಕೊಳ್ಳಿ ಅನ್ನೋದು ಅದರ ತಿರುಳು. ಆಮೇಲೆ ವಿಂಡೋಸ್ ಕೆಲಸವನ್ನೇ ಕೆಲಕಾಲ ನಿಲ್ಲಿಸಿ ಸಾವಿರಾರು ಎಂಜಿನಿಯರ್‌ಗಳಿಗೆ ಸುರಕ್ಷಿತವಾಗಿ ಕೋಡ್ ಬರೆಯೋ ತರಬೇತಿ ಕೊಟ್ಟರು.

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೆರಡು. 2003ರ ವಿಂಡೋಸ್ ಸರ್ವರ್‌ನಲ್ಲಿ ಐಐಎಸ್ ತಾನಾಗೇ ಬರೋದು ನಿಂತಿತು. ಬೇಕಾದವರು ಕೇಳಿ ಹಾಕಿಕೊಳ್ಳಬೇಕು. ಇನ್ನೊಂದು, ಅದೇ ವರ್ಷ ಅಕ್ಟೋಬರ್‌ನಿಂದ ಪ್ಯಾಚ್‌ಗಳು ತಿಂಗಳ ಎರಡನೇ ಮಂಗಳವಾರ ಒಟ್ಟಿಗೆ ಬರೋಕೆ ಶುರುವಾದವು. ಆ ಒಬ್ಬನೇ ಐಟಿ ಮನುಷ್ಯ ಈಗ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬಹುದು. ಎರಡೂ ಸಣ್ಣ ವಿಷಯ ಅನ್ಸುತ್ತೆ. ಆದರೆ ನಾನು ಹೇಳಿದ ಮೊದಲ ಎರಡು ಕಾರಣಗಳಿಗೆ ನೇರ ಉತ್ತರ ಇವು.

ನಿಮ್ಮ ಜೇಬಿನ ಫೋನ್

"ಇದೆಲ್ಲ ಹಳೇ ಸರ್ವರ್ ಕಥೆ, ನನ್ನ ಫೋನಿಗೇನು" ಅಂತ ಕೇಳ್ತೀರಾ? 2019ಕ್ಕೆ ಬನ್ನಿ. ಮೇ ತಿಂಗಳಲ್ಲಿ ವಾಟ್ಸಾಪ್ ಒಂದು ತೂತನ್ನ ಮುಚ್ಚಿತು. ಅದೂ ಬಫರ್ ಓವರ್‌ಫ್ಲೋ. ಈ ಸಲ ವಾಟ್ಸಾಪ್ ಕರೆ ಮಾಡೋ ಭಾಗದಲ್ಲಿ. ಕರೆ ಬರೋದು, ನೀವು ಎತ್ತಬೇಕು ಅಂತಲೂ ಇಲ್ಲ, ಫೋನ್ ಒಳಗೆ ಪೆಗಾಸಸ್ ಅನ್ನೋ ಗೂಢಚಾರಿ ಸಾಫ್ಟ್‌ವೇರ್ ಕೂರೋದು. ಜಗತ್ತಿನಾದ್ಯಂತ ಸುಮಾರು 1,400 ಜನರ ಫೋನ್‌ಗಳನ್ನ ಗುರಿ ಮಾಡಿದ್ರು ಅಂತ ವಾಟ್ಸಾಪೇ ಹೇಳಿತು. ಅದರಲ್ಲಿ ಭಾರತದ ಪತ್ರಕರ್ತರು, ಹೋರಾಟಗಾರರು ಇದ್ದರು.

2001ರಲ್ಲಿ ಗೋಡೌನ್, 2019ರಲ್ಲಿ ಫೋನ್. ಅಳತೆ ಮೀರಿ ಮಾಲು ಒಳಗೆ ಬಿಡೋ ಆ ಕಾವಲುಗಾರ ಇನ್ನೂ ಕೆಲಸದಲ್ಲೇ ಇದ್ದಾನೆ. 1988ರಲ್ಲಿ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲೂ ಒಂದು ಬಫರ್ ಓವರ್‌ಫ್ಲೋನೇ ಆಗಿತ್ತು. ಸಿ, ಸಿ++ ಅನ್ನೋ ಭಾಷೆಗಳಲ್ಲಿ ಅಳತೆ ನೋಡೋ ಜವಾಬ್ದಾರಿ ಬರೆಯೋ ಮನುಷ್ಯನದು. ಮನುಷ್ಯ ಅಂದ ಮೇಲೆ ಒಂದಲ್ಲ ಒಂದು ದಿನ 200 ಬರೆಯೋ ಜಾಗದಲ್ಲಿ 400 ಬರೀತಾನೆ.

ಒಳ್ಳೆ ಸುದ್ದಿನೂ ಇದೆ. ಅಳತೆ ತಪ್ಪಿದ್ರೆ ಭಾಷೆಯೇ ತಡೆಯೋ ತರದ ರಸ್ಟ್ ಅನ್ನೋ ಭಾಷೆಯಲ್ಲಿ ಆಂಡ್ರಾಯ್ಡ್‌ನ ಹೊಸ ಭಾಗಗಳನ್ನ ಗೂಗಲ್ ಬರೀತಾ ಇದೆ. 2019ರಲ್ಲಿ ಆಂಡ್ರಾಯ್ಡ್‌ನ ಸೆಕ್ಯುರಿಟಿ ದೋಷಗಳಲ್ಲಿ ಶೇ 76 ಮೆಮೊರಿಗೆ ಸಂಬಂಧಪಟ್ಟಿದ್ದವು. 2022ಕ್ಕೆ ಅದು ಶೇ 35ಕ್ಕೆ ಇಳೀತು ಅಂತ ಗೂಗಲ್ ಹೇಳಿದೆ. ಇಳಿದಿದೆ, ಆದರೆ ಸೊನ್ನೆ ಆಗಿಲ್ಲ. ಅಲ್ಲೀವರೆಗೆ ನಮ್ಮ ಕೈಯಲ್ಲಿರೋದು ಒಂದೇ, ಪ್ಯಾಚ್ ಬಂದ ದಿನಕ್ಕೂ ಹಾಕಿಕೊಂಡ ದಿನಕ್ಕೂ ನಡುವೆ ಎಷ್ಟು ದಿನ ಬಿಡ್ತೀವಿ ಅನ್ನೋದು.

ಹಾಗಾಗಿ ಇವತ್ತು ಮೂರು ಕೆಲಸ.

ಒಂದು, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, 'ಅಬೌಟ್ ಫೋನ್' ಒಳಗೆ ಆಂಡ್ರಾಯ್ಡ್ ವರ್ಷನ್ ನೋಡಿ. ಅಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ದಿನಾಂಕ ಇರುತ್ತೆ. ಒಂದೊಂದು ಕಂಪನಿ ಫೋನಲ್ಲಿ ಒಂದೊಂದು ಜಾಗದಲ್ಲಿ ಇರಬಹುದು, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಮಾಡಿ. ಆ ದಿನಾಂಕ ಎಷ್ಟು ಹಿಂದಿನದೋ, ಅಷ್ಟು ತಿಂಗಳ ತೂತುಗಳು ನಿಮ್ಮ ಫೋನಲ್ಲಿ ತೆರೆದಿವೆ ಅಂತ ಲೆಕ್ಕ.

ಎರಡು, ಮನೆಯಲ್ಲಿ ಅಪ್ಪ ಅಮ್ಮ, ಅಜ್ಜಿ ತಾತನ ಫೋನ್ ತೆಗೆದು ಅದೇ ದಿನಾಂಕ ನೋಡಿ. ನಮ್ಮ ಹಳೇ ಫೋನನ್ನೇ ಅವರಿಗೆ ದಾಟಿಸಿರ್ತೀವಿ. ಪಿಂಚಣಿ, ಬ್ಯಾಂಕು, ಯುಪಿಐ ಎಲ್ಲ ಅದರಲ್ಲೇ ಇರುತ್ತೆ. ಅಪ್‌ಡೇಟ್ ನೋಟಿಫಿಕೇಶನ್ ಬಂದ್ರೆ "ಇದೇನೋ ಮೋಸ ಇರಬೇಕು" ಅಂತ ಅವರು ಸರಿಸಿಬಿಡ್ತಾರೆ. ಕೂತು ವೈಫೈ ಹಾಕಿಕೊಟ್ಟು ಮುಗಿಸಿ.

ಮೂರು, ಮುಂದಿನ ಸಲ ಫೋನ್ ತಗೊಳ್ಳೋವಾಗ, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ, ಕ್ಯಾಮೆರಾ ಕೇಳೋ ಮುಂಚೆ ಇದನ್ನ ಕೇಳಿ: "ಇದಕ್ಕೆ ಇನ್ನೂ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ?" ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 7 ವರ್ಷ ಕೊಡ್ತೀನಿ ಅಂತ 2023ರಲ್ಲಿ ಹೇಳಿತು. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಿಗೆ ಅಷ್ಟು ಬರಲ್ಲ. ಅಪ್‌ಡೇಟ್ ನಿಂತು ಹೋದ ಫೋನ್ ಅಗ್ಗಕ್ಕೆ ಸಿಕ್ತು ಅಂದ್ರೆ, ಉಳಿದ ಬೆಲೆಯನ್ನ ಆಮೇಲೆ ಬೇರೆ ರೂಪದಲ್ಲಿ ಕಟ್ಟಬೇಕಾಗಬಹುದು.

ಅಪ್‌ಡೇಟ್ ಹಾಕಿದ ತಕ್ಷಣ ನಾವು ಪೂರ್ತಿ ಸುರಕ್ಷಿತ ಅಂತ ನಾನು ಹೇಳ್ತಾ ಇಲ್ಲ. ಯಾರಿಗೂ ಗೊತ್ತಿಲ್ಲದ ತೂತುಗಳು ಯಾವಾಗಲೂ ಇರುತ್ತವೆ, ಅವುಗಳಿಗೆ ನಾವೇನೂ ಮಾಡೋಕೆ ಆಗಲ್ಲ. ಆದರೆ ಆ 3,59,000 ಕಂಪ್ಯೂಟರ್‌ಗಳ ಒಳಗೆ ಹುಳ ಹೋಗಿದ್ದು ಗೊತ್ತಿಲ್ಲದ ತೂತಿಂದ ಅಲ್ಲ. ಗೊತ್ತಿದ್ದ, ಹೆಸರಿಟ್ಟ, ನಂಬರ್ ಹಾಕಿದ, ಔಷಧಿ ಕೂಡ ಸಿದ್ಧವಾಗಿದ್ದ ತೂತಿಂದ.

ಸಂಚಿಕೆ ಮುಗೀತಾ ಇದ್ದ ಹಾಗೆ ಆ ದಿನಾಂಕ ನೋಡಿ. ಮನೆಯವರ ಫೋನಲ್ಲಿ ಎಷ್ಟು ಹಳೇದು ಕಾಣಿಸ್ತು ಅಂತ ನನಗೂ ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.